ಬೀದರ್‌ನಲ್ಲಿಯೂ ದೇವಯ್ಯನವರ ನೆನಪು ಇರಲಿ

ಮಾನ್ಯ ಸಂಪಾದಕರೇ,

ಬೀದರ್ ವಾಯುನೆಲೆಯಿಂದ ಏಳುವ ಹಾಕ್ ವಿಮಾನಗಳ ಸದ್ದು ನಮ್ಮೂರಿನ ಮಕ್ಕಳಿಗೆ ಶಾಲೆಯ ಗಂಟೆಯಷ್ಟೇ ಪರಿಚಿತ. ಯುದ್ಧವಿಮಾನದ ಪೈಲಟ್‌ಗಳಾಗಲಿರುವ ಯುವಕ ಯುವತಿಯರು 2008ರಿಂದ ಈ ವಿಮಾನಗಳಲ್ಲಿ ಇಲ್ಲಿ ಪಳಗುತ್ತಿದ್ದಾರೆ. ಹೀಗಿದ್ದೂ, ಕನ್ನಡ ನಾಡಿನವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ಬೋಪಯ್ಯ ದೇವಯ್ಯನವರ ಹೆಸರನ್ನು ನಾನು ಓಡಾಡುವ ಯಾವ ಬೀದಿಯಲ್ಲಿಯೂ ಕಂಡಿಲ್ಲ.

ಕೊಡಗಿನ ದೇವಯ್ಯನವರು 1965ರ ಭಾರತ-ಪಾಕಿಸ್ತಾನ ಯುದ್ಧ ಶುರುವಾದಾಗ ವಾಯುಪಡೆಯಲ್ಲಿ ಹಾರಾಟ ಕಲಿಸುವ ಬೋಧಕರಾಗಿದ್ದು, ಯುದ್ಧದ ನಿಮಿತ್ತ 1ನೇ ಸ್ಕ್ವಾಡ್ರನ್‌ಗೆ ನಿಯೋಜಿತರಾದರು. ಸೆಪ್ಟೆಂಬರ್ 7ರ ಬೆಳಗಿನ ಜಾವ ಪಂಜಾಬಿನ ಆದಂಪುರದಿಂದ ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೊರಟ ಮಿಸ್ಟೀರ್ ಯುದ್ಧವಿಮಾನಗಳ ತಂಡದಲ್ಲಿ ಅವರು ಮೀಸಲು ಪೈಲಟ್. ಬೇರೆ ಯಾರಾದರೂ ಹಿಂದುಳಿದರೆ ಮಾತ್ರ ಗಡಿ ದಾಟಬೇಕಿತ್ತು. ಅವರು ದಾಟಿದರು. ಶಬ್ದದ ಎರಡರಷ್ಟು ವೇಗದಲ್ಲಿ ಹಾರಬಲ್ಲ ಪಾಕಿಸ್ತಾನದ ಸ್ಟಾರ್‌ಫೈಟರ್ ಯುದ್ಧವಿಮಾನ ಅವರ ಮೇಲೆರಗಿತು. ಪುಟ್ಟ ರೆಕ್ಕೆಗಳ ಆ ವಿಮಾನ ನೇರ ಓಟದಲ್ಲಿ ಸಾಟಿಯಿಲ್ಲದ್ದಾದರೂ ಬಿಗಿಯಾಗಿ ತಿರುಗಲಾರದು. ತಮ್ಮ ವಿಮಾನಕ್ಕೆ ಆಗಲೇ ಪೆಟ್ಟು ಬಿದ್ದಿದ್ದರೂ ದೇವಯ್ಯನವರು ಅದರೊಡನೆ ಸೆಣಸಿ ಅದನ್ನು ಹೊಡೆದುರುಳಿಸಿದರು. ಎದುರಾಳಿ ಪೈಲಟ್ ಪ್ಯಾರಾಚೂಟ್‌ನಿಂದ ಇಳಿದು ಬದುಕಿದರು, ದೇವಯ್ಯನವರು ಮರಳಲಿಲ್ಲ.

ಈ ಕಾಳಗವನ್ನು ಕಣ್ಣಾರೆ ಕಂಡ ನಮ್ಮವರು ಯಾರೂ ಇರದ ಕಾರಣ, ಅವರು ಬಹುಕಾಲ ಕಾಣೆಯಾದವರ ಪಟ್ಟಿಯ ಒಂದು ಹೆಸರಾಗಿಯೇ ಉಳಿದರು. ಪಾಕಿಸ್ತಾನದ ಕಡೆಯ ವಿವರಗಳನ್ನು ಆಧರಿಸಿ ಬ್ರಿಟಿಷ್ ಲೇಖಕರೊಬ್ಬರು 1979ರಲ್ಲಿ ಬರೆದ ಮೇಲೆ ನಿಜ ಹೊರಬಿತ್ತು. ಮಹಾವೀರ ಚಕ್ರ ಬಂದದ್ದು 1988ರಲ್ಲಿ, ಎಂದರೆ 23 ವರ್ಷಗಳ ನಂತರ. ಶೌರ್ಯಕ್ಕೆ ಸಾಕ್ಷಿ ಹೇಳಲು ಎದುರಾಳಿಗಳೇ ಬೇಕಾದ ಪ್ರಸಂಗ ಅಪರೂಪ.

ಮಡಿಕೇರಿಯಲ್ಲಿ ಅವರ ಪ್ರತಿಮೆ ಇದೆ. ಬೀದರ್‌ಗೆ ನಾನು ಕೇಳುತ್ತಿರುವುದು ಪ್ರತಿಮೆಯನ್ನಲ್ಲ (ಪ್ರತಿಮೆಗಳಿಗೆ ವರ್ಷಕ್ಕೊಮ್ಮೆ ಮಾಲೆ ಬೀಳುತ್ತದೆ, ಅಷ್ಟೆ). ಪೈಲಟ್‌ಗಳನ್ನು ತಿದ್ದುವ ಬೋಧಕರು ಸದಾ ಇರುವ ಊರಿದು. ಒಬ್ಬ ಬೋಧಕರು ಯುದ್ಧದಲ್ಲಿ ಏನು ಮಾಡಿದರೆಂಬುದನ್ನು ತಿಳಿಸುವ, ಮಕ್ಕಳು ನಿಂತು ಓದಬಹುದಾದ ಕನ್ನಡ ಫಲಕವೊಂದನ್ನು ಬಸ್ ನಿಲ್ದಾಣದಂತಹ ಜನನಿಬಿಡ ಜಾಗದಲ್ಲಿ ಜಿಲ್ಲಾಡಳಿತ ಹಾಕಿಸಲಿ. ಸೆಪ್ಟೆಂಬರ್ 17ರ ಕಲ್ಯಾಣ ಕರ್ನಾಟಕ ಉತ್ಸವಕ್ಕೆ ಹೇಗೂ ಊರು ಸಿದ್ಧವಾಗುತ್ತದೆ. ಅದಕ್ಕೆ ಹತ್ತು ದಿನ ಮೊದಲೇ, ಬರುವ ಸೆಪ್ಟೆಂಬರ್ 7ಕ್ಕೆ, ಈ ಕೆಲಸ ಆಗಲೆಂದು ಕೋರುತ್ತೇನೆ.

ಇಂತಿ,
ಓದುಗ, ಬೀದರ್