ಐನೂರು ಪ್ರತಿಗಳ ಚುಕ್ಕಿ

ಪ್ರೀತಿಯ ತಮ್ಮಾ,

ಫಿಲಿಪ್ ಗ್ಲಾಸ್ ಬಗ್ಗೆ ನೀನು ಬರೆದ ಲೇಖನವನ್ನು ಎರಡು ಸಲ ಓದಿದೆ. ಮೊದಲ ಸಲ ರಾತ್ರಿ ಊಟ ಆದ ಮೇಲೆ, ಎರಡನೆಯ ಸಲ ಬೆಳಗ್ಗೆ ಪೆನ್ಸಿಲ್ ಹಿಡಿದು. ಮಂಗಳೂರಿನಲ್ಲಿ ಕೂತು ನ್ಯೂಯಾರ್ಕಿನ ಸಂಗೀತಗಾರನ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಅನ್ನಿಸಿತಲ್ಲ, ನನಗೆ ತುಂಬ ಖುಷಿಯಾಯಿತು. ಪ್ಯಾರಿಸ್ಸಿನಲ್ಲಿ ಪಂಡಿತ್ ರವಿಶಂಕರ್ ಅವರ ಸಂಗೀತವನ್ನು ಕಾಗದಕ್ಕಿಳಿಸುವಾಗ ತಾಳದ ಲೆಕ್ಕ ಗ್ಲಾಸ್ ತಲೆಗೆ ಹೊಕ್ಕಿದ್ದನ್ನು ಚೆನ್ನಾಗಿ ಹೇಳಿದ್ದೀಯ. ಆ ಭಾಗವನ್ನು ಮುಟ್ಟಬೇಡ.

ಉಳಿದ ಕಡೆ ಹೊಗಳಿಕೆ ಜಾಸ್ತಿಯಾಗಿದೆ. 'ನಾದಲೋಕದ ಧ್ರುವತಾರೆ', 'ಸ್ವರ ತಪಸ್ವಿ', ಇಂಥವೇ. ಆ ಮನುಷ್ಯ ದಿನಾ ಎದ್ದು ಏನು ಕೆಲಸ ಮಾಡಿದರು ಅನ್ನುವುದು ಮಾತ್ರ ಒಂದೇ ಸಾಲಿನಲ್ಲಿ ಮುಗಿದಿದೆ: 'ಕಷ್ಟದ ದಿನಗಳಲ್ಲಿ ಟ್ಯಾಕ್ಸಿ ಓಡಿಸಿದರು.' ಹಾಗೆ ಬರೆದರೆ ಮೊದಲು ಕಷ್ಟ, ಆಮೇಲೆ ಹೆಸರು, ಅಲ್ಲಿಗೆ ಕಷ್ಟ ಮುಗಿಯಿತು ಅಂತ ಓದುವವರು ತಿಳಿಯುತ್ತಾರೆ. ನಡೆದದ್ದು ಹಾಗಲ್ಲ. ಅವರ 'ಐನ್‌ಸ್ಟೈನ್ ಆನ್ ದ ಬೀಚ್' ಆಪೆರಾ, ಅಂದರೆ ಸಂಗೀತ ನಾಟಕ, 1976ರ ಜುಲೈಯಲ್ಲಿ ಫ್ರಾನ್ಸಿನ ಅವಿನ್ಯೋನ್‌ನಲ್ಲಿ ಮೊದಲು ರಂಗಕ್ಕೆ ಬಂತು. ನವೆಂಬರಿನಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಆಪೆರಾ ರಂಗಮಂದಿರದಲ್ಲಿ ಎರಡು ಪ್ರದರ್ಶನ, ಎರಡಕ್ಕೂ ಜನ ಕಿಕ್ಕಿರಿದಿದ್ದರು. ಆದರೂ ಸಾಲ ಉಳಿಯಿತು, ಗ್ಲಾಸ್ ಮತ್ತೆ ಟ್ಯಾಕ್ಸಿ ಹತ್ತಿದರು. ಆಗ ಅವರಿಗೆ ಮೂವತ್ತೊಂಬತ್ತು ವರ್ಷ. ಮುಂದೆ ನೆದರ್ಲೆಂಡ್ಸಿನಿಂದ ಹೊಸ ಆಪೆರಾಕ್ಕೆ ಕರೆ ಬಂದ ಮೇಲೆಯೇ ಆ ಕೆಲಸ ಬಿಟ್ಟದ್ದು. ಹಾಗೆ ಹುಟ್ಟಿದ 'ಸತ್ಯಾಗ್ರಹ' 1980ರಲ್ಲಿ ರಾಟರ್‌ಡ್ಯಾಮ್‌ನಲ್ಲಿ ಆಡಿತು. ಕತೆ ದಕ್ಷಿಣ ಆಫ್ರಿಕಾದ ಗಾಂಧೀಜಿಯದು. ಹಾಡಿದ್ದು ಪೂರ್ತಿ ಸಂಸ್ಕೃತದಲ್ಲಿ, ಭಗವದ್ಗೀತೆಯ ಮಾತುಗಳಲ್ಲಿ. ಉಡುಪಿಯ ರಥಬೀದಿಯ ಪಕ್ಕ ಕೂತು ಓದುವ ನನ್ನಂಥವನಿಗೆ ಇದನ್ನು ಹೇಳದೆ ಬಿಟ್ಟೆಯಲ್ಲ!

ನೀನು ಪೂರ್ತಿ ಕೈಬಿಟ್ಟದ್ದು ಅವರ ಪ್ರಕಾಶನವನ್ನು. ಪಶ್ಚಿಮದ ಪದ್ಧತಿಯಲ್ಲಿ ರಚನೆಕಾರ ಬರೆದ ಸ್ಕೋರ್, ಅಂದರೆ ಎಲ್ಲ ವಾದ್ಯಗಳ ಸ್ವರ ಇರುವ ಪ್ರತಿ, ಸಾಮಾನ್ಯವಾಗಿ ಪ್ರಕಾಶಕರ ಕೈಗೆ ಹೋಗುತ್ತದೆ. ಪಿಟೀಲಿನವರು, ಕೊಳಲಿನವರು ನುಡಿಸುವ ಬಿಡಿ ಹಾಳೆಗಳನ್ನು ಆ ಪ್ರಕಾಶಕರು ವಾದ್ಯವೃಂದಗಳಿಗೆ ಬಾಡಿಗೆಗೆ ಕೊಡುತ್ತಾರೆ. ಕಛೇರಿ ಮುಗಿದ ಮೇಲೆ ಹಾಳೆ ವಾಪಸ್ ಬರಬೇಕು. ಪ್ರದರ್ಶನಕ್ಕೆ, ರೆಕಾರ್ಡಿಂಗಿಗೆ, ಸಿನಿಮಾದಲ್ಲಿ ಬಳಸಿದ್ದಕ್ಕೆ ಬೇರೆ ಬೇರೆ ಹಣ. ಅದರಲ್ಲಿ ಪ್ರಕಾಶಕರಿಗೆ ಒಂದು ಪಾಲು. ಗ್ಲಾಸ್ ಆ ಪಾಲನ್ನು ಬೇರೆಯವರಿಗೆ ಬಿಟ್ಟುಕೊಡಲಿಲ್ಲ. ಡನ್‌ವೇಗನ್ ಅಂತ ತಮ್ಮದೇ ಪ್ರಕಾಶನ ಕಟ್ಟಿದರು. ಅದಕ್ಕೂ ಮುಂಚೆ, 1968ರಲ್ಲಿ ಕಟ್ಟಿದ ತಮ್ಮ ಮೇಳಕ್ಕೆ ಬರೆದದ್ದನ್ನು ಬೇರೆಯವರಿಗೆ ನುಡಿಸಲು ಕೊಡುತ್ತಿರಲಿಲ್ಲ. ಆ ಸಂಗೀತ ಬೇಕು ಅಂದವರು ಆ ಮೇಳವನ್ನೇ ಕರೆಸಬೇಕಿತ್ತು. ಇದು ಜಿಪುಣತನ ಅಂತ ನಿನಗೆ ಅನ್ನಿಸಬಹುದು. ನನಗೆ ಹಾಗೆ ಅನ್ನಿಸುವುದಿಲ್ಲ. ಮೇಳದವರ ಮನೆಯಲ್ಲೂ ಅನ್ನ ಬೇಯಬೇಕಲ್ವಾ?

ಇಷ್ಟು ಒತ್ತಿ ಹೇಳಲು ಕಾರಣ ಇದೆ. ನನಗೆ ಇಪ್ಪತ್ತಾರು ವರ್ಷ ಇರುವಾಗ ಇಲ್ಲೇ ಉಡುಪಿಯ ಹತ್ತಿರದ ಒಬ್ಬ ಸಂಗೀತದ ಮಾಷ್ಟ್ರ ಮೇಲೆ ಲೇಖನ ಬರೆಯಲು ಹೋಗಿದ್ದೆ. ಸ್ವಂತ ಕೃತಿಗಳನ್ನು ರಚಿಸುತ್ತಿದ್ದರು. ಹೆಂಡತಿಯ ಬಳೆ ಅಡವಿಟ್ಟು ಅವನ್ನು ಸ್ವರ ಸಮೇತ ಪುಸ್ತಕ ಮಾಡಿಸಿದ್ದರು. ಐನೂರು ಪ್ರತಿ. ಅಚ್ಚಾಗಿ ಬಂದಾಗ ನೋಡಿದರೆ ಚುಕ್ಕಿಗಳೇ ಇಲ್ಲ! ನಿನಗೆ ಗೊತ್ತಲ್ಲ, ಸ್ವರದ ಮೇಲೆ ಚುಕ್ಕಿ ಇದ್ದರೆ ತಾರಸ್ಥಾಯಿ, ಅಂದರೆ ಏರಿಸಿ ಹಾಡಬೇಕು; ಕೆಳಗಿದ್ದರೆ ಮಂದ್ರ, ಇಳಿಸಿ ಹಾಡಬೇಕು. ಪ್ರೆಸ್ಸಿನವರಲ್ಲಿ ಅದಕ್ಕೆ ಬೇಕಾದ ಅಚ್ಚಿನ ಮೊಳೆ ಇರಲಿಲ್ಲ, ಹೇಳದೆ ಬಿಟ್ಟುಬಿಟ್ಟಿದ್ದರು. ಚುಕ್ಕಿ ಇಲ್ಲದಿದ್ದರೆ ಮೇಲಿನ ಷಡ್ಜಕ್ಕೂ (ಅದೇ 'ಸ' ಸ್ವರ) ನಡುವಿನ ಷಡ್ಜಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಹತ್ತಬೇಕಾದ ಹಾಡು ಧೊಪ್ಪನೆ ಕೆಳಗೆ ಬೀಳುತ್ತದೆ.

ನಾನು ಹೋದಾಗ ಮಾಷ್ಟ್ರು ಜಗಲಿಯಲ್ಲಿ ಕೂತು ಚುಕ್ಕಿ ಹಾಕುತ್ತಿದ್ದರು. ಮಳೆಗಾಲ. ಕಾಗದ ತಂಪು ಹಿಡಿದು ಶಾಯಿ ಹರಡುತ್ತಿತ್ತು. ನಿಬ್ಬನ್ನು ಬಟ್ಟೆಗೆ ಒರೆಸಿ, ತುದಿಯನ್ನು ಮೆಲ್ಲಗೆ ತಾಗಿಸಿ ಎತ್ತುತ್ತಿದ್ದರು. ಒಂದೊಂದು ಸಾಲು ಮುಗಿದಾಗ ಅದನ್ನು ಬಾಯೊಳಗೇ ಹಾಡಿ ನೋಡುತ್ತಿದ್ದರು. ಮುಗಿದ ಪುಸ್ತಕ ಎಡಕ್ಕೆ, ಉಳಿದದ್ದು ಬಲಕ್ಕೆ. ಬಲಗಡೆಯ ರಾಶಿ ಅವರ ಭುಜದವರೆಗೆ ಇತ್ತು.

ನಾನು ಅವರ ಗುರು ಯಾರು, ಮೆಚ್ಚಿನ ರಾಗ ಯಾವುದು ಅಂತ ಕೇಳಿದೆ. 'ನಾದಯೋಗಿ' ಅಂತ ತಲೆಬರಹ ಕೊಟ್ಟೆ. ಚುಕ್ಕಿಯ ವಿಷಯ ಒಂದಕ್ಷರ ಬರೆಯಲಿಲ್ಲ. ಅದು ಬರೆಯುವಂಥದ್ದು ಅಂತ ಆಗ ನನಗೆ ಹೊಳೆಯಲೇ ಇಲ್ಲ. ಅವರು ತೀರಿಹೋಗಿ ಬಹಳ ಕಾಲವಾಯಿತು. ಆ ಲೇಖನ ನೆನಪಾದಾಗಲೆಲ್ಲ ಈಗಲೂ ಸಂಕಟವಾಗುತ್ತದೆ.

ನಿನ್ನ ಊರಿನದೇ ಇನ್ನೊಂದು ವಿಷಯ. ಬಾಸೆಲ್ ಮಿಶನ್ ಪ್ರೆಸ್ ಮಂಗಳೂರಿನಲ್ಲಿ ಶುರುವಾದದ್ದು 1841ರಲ್ಲಿ. 1850ರಲ್ಲಿ ಜರ್ಮನ್ ಪಾದ್ರಿ ಮೋಗ್ಲಿಂಗ್ ಅಲ್ಲಿ ದಾಸರ ಪದಗಳನ್ನು ಅಚ್ಚು ಹಾಕಿಸಿದರು. ಹಾಗೆ ಮಾತು ಉಳಿಯಿತು. ಆದರೆ ಪುರಂದರದಾಸರು ಹಾಡಿದ ಧಾಟಿ ನಮ್ಮ ಕೈಗೆ ಬರಲಿಲ್ಲ. ಇವತ್ತು ಕೇಳುವ ರಾಗಗಳು ಬಹುಪಾಲು ಆಮೇಲಿನವರು ಕೂರಿಸಿದ್ದು. ಅದಕ್ಕೇ ಯಾರಾದರೂ ತಮ್ಮ ಸಂಗೀತವನ್ನು ಕಾಗದಕ್ಕೆ ಇಳಿಸಿ, ಅಚ್ಚು ಮಾಡಿಸಿ, ಗಂಟು ಕಟ್ಟಿ ಅಂಗಡಿಗೆ ಹೊತ್ತರೆ ಆ ಹೊರುವುದೂ ಅವರ ಸಂಗೀತದ ಕೆಲಸವೇ ಅಂತ ನಾನು ನಂಬಿದ್ದೇನೆ.

ಹಾಗಾಗಿ ರಚನೆಕಾರರನ್ನು ಭೇಟಿಯಾಗಲು ಹೋದಾಗ ಕಾಗದಪತ್ರ ತೋರಿಸಿ ಅಂತ ಕೇಳು. ನಾಚಿಕೊಳ್ಳಬೇಡ. ಹಕ್ಕು ಯಾರ ಹೆಸರಿನಲ್ಲಿದೆ? ಎಷ್ಟು ವರ್ಷಕ್ಕೆ ಬರೆದುಕೊಟ್ಟಿದ್ದಾರೆ? ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆ ಓದು. ಹಕ್ಕು ಬರೆದುಕೊಟ್ಟ ಪತ್ರದಲ್ಲಿ ಅವಧಿ ಹಾಕದಿದ್ದರೆ ಅದು ಐದೇ ವರ್ಷಕ್ಕೆ ಅಂತ ಅದರಲ್ಲಿದೆ. ಸ್ವರಲಿಪಿಯೂ ಸಂಗೀತ ಕೃತಿಯೊಳಗೇ ಬರುತ್ತದೆ, ಸಾಹಿತ್ಯ ಬೇರೆ. ಹಕ್ಕು ರಚನೆಕಾರರ ಕಾಲಾನಂತರವೂ 60 ವರ್ಷ ಇರುತ್ತದೆ. ಇದು ನಿನ್ನ ಬರಹಕ್ಕೂ ಅನ್ವಯಿಸುತ್ತದೆ. ಸುಮ್ನೆ ಸಹಿ ಹಾಕಬೇಡ. ನಾನು ಓದದೆ ಹಾಕಿದ ಒಂದು ಸಹಿಯಿಂದ ನನ್ನ ಮೊದಲ ಪುಸ್ತಕ ಹತ್ತು ವರ್ಷ ಮರುಮುದ್ರಣವಿಲ್ಲದೆ ಬಿದ್ದಿತ್ತು.

ಗ್ಲಾಸ್ ಲೇಖನವನ್ನು ಟ್ಯಾಕ್ಸಿಯಿಂದ ಶುರುಮಾಡು, ಮೆಟ್ರೊಪಾಲಿಟನ್ ಆಪೆರಾದ ಮರುದಿನಗಳ ಟ್ಯಾಕ್ಸಿಯಿಂದ. ಪ್ರಕಾಶನದ ಭಾಗಕ್ಕೆ ಎರಡು ಪುಟ ಕೊಡು. ಭಾನುವಾರ ಬಿಡುವಿದ್ದರೆ ಸ್ಟೇಟ್ ಬ್ಯಾಂಕ್ ಬಸ್‌ಸ್ಟ್ಯಾಂಡಿನಲ್ಲಿ ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಬಾ, ಊಟಕ್ಕೆ ಇಲ್ಲೇ ಇರು. ಮಾಷ್ಟ್ರು ನನಗೆ ಕೊಟ್ಟ ಪ್ರತಿ ಇನ್ನೂ ಇದೆ. ಅದರಲ್ಲಿ ಕಡೆಯ ನಾಲ್ಕು ಪುಟಗಳಿಗೆ ಅವರು ಚುಕ್ಕಿ ಹಾಕಿಲ್ಲ. ನಿನಗೆ ಪಿಟೀಲು ಬರುತ್ತದಲ್ಲ, ತಗೊಂಡು ಬಾ. ಸ್ಥಾಯಿ ಎಲ್ಲಿ ಏರುತ್ತದೆ ಅಂತ ಇಬ್ಬರೂ ಕೂತು ಹುಡುಕೋಣ.

ನಿನ್ನ,
ಉಡುಪಿಯ ಅಣ್ಣ