ಬೆಟ್ಟದ ಕಪ್ಪೆಗೆ ಚಳಿಯೊಂದೇ ಕಾವಲಲ್ಲ

ಸಂಪಾದಕರಿಗೆ ನಮಸ್ಕಾರ.

ಕಪ್ಪೆಗಳ ಬಗ್ಗೆ ನಿಮ್ಮಲ್ಲಿ ಈಚೆಗೆ ಬಂದ ಬರಹವನ್ನು ಖುಷಿಯಿಂದ ಓದಿದೆ. ಕಪ್ಪೆಗೆ ಇಷ್ಟು ಜಾಗ ಕೊಡುವ ಪತ್ರಿಕೆಗಳು ಕಡಿಮೆ. ಆದರೆ ಅದರಲ್ಲಿದ್ದ ಒಂದು ಮಾತಿಗೆ ಉತ್ತರ ಬರೆಯದೆ ಇರಲು ಆಗಲಿಲ್ಲ. ಎತ್ತರದ ಬೆಟ್ಟಗಳಲ್ಲಿ ಚಳಿ ಜಾಸ್ತಿ, ಜನ ಕಡಿಮೆ, ಹಾಗಾಗಿ ಅಲ್ಲಿನ ಕಪ್ಪೆಗಳಿಗೆ ರೋಗಾಣುಗಳ ಕಾಟ ಇಲ್ಲ ಅನ್ನುವ ಮಾತು ಅದು. ಕಾಡಿನ ಕಪ್ಪೆ, ಅದರ ಬಾಲವುಳ್ಳ ನೆಂಟರಾದ ಸಲಮಾಂಡರ್‌ಗಳ ಚರ್ಮದ ಮೇಲಿರುವ ಸೂಕ್ಷ್ಮಜೀವಿಗಳ ಮಾದರಿ ತೆಗೆಯುವುದೇ ನನ್ನ ಕೆಲಸ. ಈ ಮಾತನ್ನು ಓದಿದವರು ಬೆಟ್ಟದ ಕಪ್ಪೆಗಳ ಚಿಂತೆ ಬಿಟ್ಟುಬಿಡುತ್ತಾರಲ್ಲ ಅನ್ನುವ ಸಂಕಟದಿಂದ ಬರೆಯುತ್ತಿದ್ದೇನೆ.

ಮೊದಲು ಚರ್ಮದ ವಿಷಯ. ಕಪ್ಪೆ ಬಾಯಿಂದ ನೀರು ಕುಡಿಯುವುದಿಲ್ಲ, ಚರ್ಮದಿಂದಲೇ ಹೀರಿಕೊಳ್ಳುತ್ತದೆ. ಉಸಿರಾಟದ ಒಂದು ಪಾಲೂ ಚರ್ಮದ್ದೇ. ಶ್ವಾಸಕೋಶವೇ ಇಲ್ಲದ ಸಲಮಾಂಡರ್‌ಗಳೂ ಇವೆ, ಅವಕ್ಕೆ ಚರ್ಮವೇ ಗತಿ. ಆ ಚರ್ಮ ಸದಾ ಒದ್ದೆಯಾಗಿರಬೇಕು, ಲೋಳೆ ಇರಬೇಕು. ಲೋಳೆ ಇದ್ದ ಕಡೆ ಬ್ಯಾಕ್ಟೀರಿಯಾ ಇದ್ದೇ ಇರುತ್ತದೆ. ಕೆರೆಯ ನೀರಿನಲ್ಲಿ ಇರುವುದೆಲ್ಲ ಸುಮ್ನೆ ಬಂದು ಅಂಟಿಕೊಂಡಿರಬೇಕು ಅಂತ ತುಂಬ ಜನ ಅಂದುಕೊಂಡಿದ್ದಾರೆ. ಹಾಗಲ್ಲ. ನೀರಿನಲ್ಲಿ ಹುಡುಕಿದರೂ ಸಿಗದಷ್ಟು ಅಪರೂಪದ ಬ್ಯಾಕ್ಟೀರಿಯಾ ಕಪ್ಪೆಯ ಮೈಮೇಲೆ ದಂಡಿಯಾಗಿ ಇರುತ್ತದೆ. ಒಂದೇ ಕೊಳದಲ್ಲಿರುವ ಎರಡು ಜಾತಿಯ ಕಪ್ಪೆಗಳ ಮೈಮೇಲೆ ಬೇರೆ ಬೇರೆ ಗುಂಪುಗಳು ಇರಬಹುದು. ಚರ್ಮ ತನಗೆ ಬೇಕಾದವರನ್ನು ಆರಿಸಿಕೊಳ್ಳುತ್ತದೆ.

ಇದು ಯಾಕೆ ಮುಖ್ಯ ಅಂದರೆ, ಈ ಬ್ಯಾಕ್ಟೀರಿಯಾಗಳಲ್ಲಿ ಕೆಲವು ಕಪ್ಪೆಯ ಕಾವಲು ಕಾಯುತ್ತವೆ. ಯಾರಿಂದ ಅಂದರೆ, ಕಪ್ಪೆಯ ಚರ್ಮಕ್ಕೆ ರೋಗ ತರುವ ಕೈಟ್ರಿಡ್ ಶಿಲೀಂಧ್ರದಿಂದ. ಹಲವು ಕಡೆ ಕಪ್ಪೆಗಳು ಗುಂಪುಗುಂಪಾಗಿ ಸಾಯುತ್ತಿದ್ದುದಕ್ಕೆ ಇದೇ ಕಾರಣ ಅಂತ ವಿಜ್ಞಾನಿಗಳು 1998ರಲ್ಲಿ ತೋರಿಸಿದರು. ಮರುವರ್ಷ ಅದಕ್ಕೆ ಬ್ಯಾಟ್ರಕೋಕೈಟ್ರಿಯಮ್ ಡೆಂಡ್ರೊಬ್ಯಾಟಿಡಿಸ್ ಅಂತ ಹೆಸರಿಟ್ಟರು. ಆ ಎರಡು ಪದಗಳ ಇಂಗ್ಲಿಷ್ ಮೊದಲಕ್ಷರ ಸೇರಿಸಿ (Bd) ನಾವು ಕೆಲಸದಲ್ಲಿ ‘ಬಿಡಿ’ ಅನ್ನುತ್ತೇವೆ. ನೀರಿನಲ್ಲಿ ಈಜಿಕೊಂಡು ಬರುವ ಇದರ ಬೀಜಕಣ ಚರ್ಮದೊಳಗೆ ಇಳಿಯುತ್ತದೆ. ಚರ್ಮ ಹಾಳಾದರೆ ರಕ್ತದಲ್ಲಿನ ಸೋಡಿಯಂ, ಪೊಟ್ಯಾಸಿಯಂ ಲವಣಗಳು ಏರುಪೇರಾಗುತ್ತವೆ, ಕೊನೆಗೆ ಹೃದಯ ನಿಲ್ಲುತ್ತದೆ. ಈ ಶಿಲೀಂಧ್ರದಿಂದ ಕನಿಷ್ಠ 501 ಉಭಯಚರ ಪ್ರಭೇದಗಳು ಕುಗ್ಗಿವೆ, ಅವುಗಳಲ್ಲಿ 90 ಅಳಿದೇಹೋಗಿರಬಹುದು ಅನ್ನುವುದು 2019ರಲ್ಲಿ ಪ್ರಕಟವಾದ ಅಂದಾಜು.

ಈಗ ಚಳಿಗೆ ಬರೋಣ. ಬಿಡಿ ಚಳಿಗೆ ಹೆದರುವ ಶಿಲೀಂಧ್ರ ಅಲ್ಲ, ಬಿಸಿಗೆ ಹೆದರುವ ಶಿಲೀಂಧ್ರ. 17ರಿಂದ 25 ಡಿಗ್ರಿ ಸೆಲ್ಸಿಯಸ್ ಅದಕ್ಕೆ ತುಂಬ ಹಿತ. 4 ಡಿಗ್ರಿಯಲ್ಲೂ ನಿಧಾನಕ್ಕೆ ಬೆಳೆಯುತ್ತದೆ. 30 ಡಿಗ್ರಿಯಲ್ಲಿ ಕೆಲವು ದಿನ ಇಟ್ಟರೆ ಸಾಯತೊಡಗುತ್ತದೆ. ಸಾವಿರ ಮೀಟರ್ ಮೇಲಕ್ಕೆ ಹೋದರೆ ತಾಪಮಾನ ಸರಾಸರಿ 6.5 ಡಿಗ್ರಿ ಇಳಿಯುತ್ತದೆ. ಅಂದರೆ, ಬಿಸಿ ನಾಡಿನ ತಪ್ಪಲಿನಲ್ಲಿ ಬದುಕಲು ಒದ್ದಾಡುವ ಶಿಲೀಂಧ್ರಕ್ಕೆ ಅದೇ ಬೆಟ್ಟದ ನಡುಭಾಗ ಸೊಗಸಾದ ಮನೆ. ಆಸ್ಟ್ರೇಲಿಯಾದ ಉತ್ತರ ಕ್ವೀನ್ಸ್‌ಲ್ಯಾಂಡಿನ ಮಳೆಕಾಡುಗಳಲ್ಲಿ ಆದದ್ದು ಇದೇ. ಒಂದೇ ಜಾತಿಯ ಹೊಳೆಕಪ್ಪೆ ಮೇಲಿನ ತೊರೆಗಳಲ್ಲಿ ಕಾಣೆಯಾಯಿತು, ಕೆಳಗೆ ಉಳಿಯಿತು. ಕೋಸ್ಟರಿಕದ ಮೊಂಟೆವೆರ್ಡೆ ಬೆಟ್ಟದ ಚಿನ್ನದ ಬಣ್ಣದ ನೆಲಗಪ್ಪೆಯನ್ನು 1989ರ ನಂತರ ಯಾರೂ ನೋಡಿಲ್ಲ, ಅದರ ಹಿಂದೆಯೂ ಬಿಡಿ ಇರಬಹುದು ಅನ್ನುವ ಅನುಮಾನ ಇದೆ. ಸ್ಪೇನಿನ ಪೆನ್ಯಾಲಾರಾ ಬೆಟ್ಟದ ಕೊಳಗಳಲ್ಲಿ, ಗಂಡೇ ಮೊಟ್ಟೆ ಹೊತ್ತು ತಿರುಗುವ ಮಿಡ್‌ವೈಫ್ ಕಪ್ಪೆಗಳು 1997ರಿಂದ ಸಾಲುಸಾಲಾಗಿ ಸತ್ತವು. ಇನ್ನೂ ಎತ್ತರ ಬೇಕಾ? ಪೆರುವಿನ ವಿಲ್ಕನೋಟ ಹಿಮಪರ್ವತಗಳಲ್ಲಿ ಹಿಮ ಕರಗಿ ಹೊಸದಾಗಿ ಆದ ಕೊಳಗಳಿಗೆ ಕಪ್ಪೆಗಳು ಹತ್ತಿ ಹೋಗಿದ್ದವು, 5,400 ಮೀಟರಿನವರೆಗೆ. ಅಂಥ ಎತ್ತರದಲ್ಲೂ ಕಪ್ಪೆಗಳ ಬೆನ್ನಿಗೆ ಬಿಡಿ ಬಂದಿತ್ತು ಅಂತ 2007ರಲ್ಲಿ ವರದಿಯಾಯಿತು.

ಇಷ್ಟೇ ಆಗಿದ್ದರೆ ಶಿಲೀಂಧ್ರಕ್ಕೆ ಯಾವ ಹವೆ ಹಿತ ಅನ್ನುವಲ್ಲಿಗೆ ಕಥೆ ಮುಗಿಯುತ್ತಿತ್ತು. ಆದರೆ ಕಾವಲಿನ ಬ್ಯಾಕ್ಟೀರಿಯಾಗಳಿಗೂ ಚಳಿ ತಟ್ಟುತ್ತದೆ ಅಲ್ವಾ? ನನ್ನನ್ನು ಈ ಕೆಲಸಕ್ಕೆ ಎಳೆದ ಪ್ರಶ್ನೆಯೇ ಅದು. ಆಸ್ಟ್ರೇಲಿಯಾದ ಕಪ್ಪೆಗಳ ಮೈಯಿಂದ ತೆಗೆದ ಬ್ಯಾಕ್ಟೀರಿಯಾಗಳನ್ನು ಬೇರೆ ಬೇರೆ ತಾಪದಲ್ಲಿ ಬೆಳೆಸಿ, ಅವು ಬಿಡಿಯನ್ನು ಎಷ್ಟು ತಡೆಯುತ್ತವೆ ಅಂತ ನೋಡಿದ ಅಧ್ಯಯನವೊಂದು 2014ರಲ್ಲಿ ಬಂತು. ತಂಪಿನಲ್ಲಿ ಕೆಲವುಗಳ ಶಕ್ತಿ ಕುಂದಿತ್ತು. ಅಂದರೆ ಬೆಟ್ಟದ ಮೇಲೆ ಶತ್ರುವಿಗೆ ಹಿತವಾದ ಹವೆ, ಕಾವಲಿಗೆ ಒಗ್ಗದ ಹವೆ, ಎರಡೂ ಒಟ್ಟಿಗೇ ಬರಬಹುದು. ಎಲ್ಲ ಬ್ಯಾಕ್ಟೀರಿಯಾಗಳೂ ಹೀಗೇ ಅಂತಲ್ಲ. ತಂಪಿನಲ್ಲಿ ಚುರುಕಾಗಿ ಕೆಲಸ ಮಾಡುವವೂ ಇವೆ. ಬೆಟ್ಟದ ಒಂದೊಂದು ಮಟ್ಟದಲ್ಲಿ ಯಾರು ಇದ್ದಾರೆ ಅಂತ ನೋಡಲೇಬೇಕಾಗಿರುವುದು ಅದಕ್ಕೇ.

ಇನ್ನೊಂದು ಸಂಗತಿ ಪೊರೆಯದು. ಕಪ್ಪೆ ಆಗಾಗ ಮೈಯ ತೆಳು ಪೊರೆ ಕಳಚುತ್ತದೆ, ಎಷ್ಟೋ ಸಲ ಕಳಚಿದ್ದನ್ನೇ ನುಂಗಿಬಿಡುತ್ತದೆ. ಪೊರೆಯ ಜೊತೆ ಮೇಲಿದ್ದ ಬ್ಯಾಕ್ಟೀರಿಯಾದ ದೊಡ್ಡ ಪಾಲೂ ಹೋಗುತ್ತದೆ. ಬಸ್ಸಿನ ಸೀಟುಗಳೆಲ್ಲ ಒಮ್ಮೆಗೇ ಖಾಲಿಯಾದ ಹಾಗೆ, ಮುಂದೆ ಯಾರು ಹತ್ತುತ್ತಾರೋ ಜಾಗ ಅವರದು. ಚಳಿಯಲ್ಲಿ ಪೊರೆ ಕಳಚುವುದು ತಡವಾಗುತ್ತದೆ. ಹಾಗಾಗಿ ಎತ್ತರದ ಕಪ್ಪೆಯ ಮೈಮೇಲಿನ ಗುಂಪು ಹೆಚ್ಚು ದಿನ ಕದಲದೆ ಉಳಿಯುತ್ತದೆ. ಒಳ್ಳೆಯವರು ಕೂತಿದ್ದರೆ ಅದು ಲಾಭ, ಬಿಡಿ ಕೂತಿದ್ದರೆ ನಷ್ಟ.

ಎತ್ತರ ಅನ್ನುವುದು ಒಂದೇ ವಿಷಯ ಅಲ್ಲ ಅನ್ನುವುದನ್ನು ಒತ್ತಿ ಹೇಳಬೇಕು. ಮೇಲೆ ಹೋದಂತೆ ತಾಪ ಇಳಿಯುತ್ತದೆ. ಅತಿನೇರಳೆ ಕಿರಣ ಸಾವಿರ ಮೀಟರಿಗೆ ಸುಮಾರು ನೂರಕ್ಕೆ ಹತ್ತರಷ್ಟು ಏರುತ್ತದೆ. ಮಂಜು, ಮಳೆ, ಮಣ್ಣು, ಕೊಳದ ನೀರು ಎಲ್ಲ ಬದಲಾಗುತ್ತವೆ. ಕಪ್ಪೆಯ ಜಾತಿಯೇ ಬದಲಾಗುತ್ತದೆ. ಕೆಳಗೆ ಒಂದು ಜಾತಿ, ಮೇಲೆ ಇನ್ನೊಂದು ಜಾತಿ ಹಿಡಿದು ಹೋಲಿಸಿದರೆ, ಬ್ಯಾಕ್ಟೀರಿಯಾ ಬೇರೆಯಾಗಿದ್ದು ಎತ್ತರದಿಂದಲೋ ಜಾತಿಯಿಂದಲೋ ಹೇಳಲಾಗದು. ತಪ್ಪಲಿನಿಂದ ತುದಿಯವರೆಗೆ ಒಂದೇ ಜಾತಿ ಸಿಕ್ಕಿದರೆ ನಮಗೆ ಹಬ್ಬ.

205 ಪ್ರಭೇದಗಳ 2,349 ಉಭಯಚರಗಳ ಚರ್ಮದ ಮಾದರಿಗಳನ್ನು ಒಟ್ಟಿಗೆ ಇಟ್ಟು ನೋಡಿದ ಜಾಗತಿಕ ಅಧ್ಯಯನ 2019ರಲ್ಲಿ ಬಂತು. ಚಳಿಗಾಲ ತೀವ್ರವಾಗಿರುವ, ತಾಪ ಏರಿಳಿಯುತ್ತಲೇ ಇರುವ ಕಡೆ ಚರ್ಮದ ಬ್ಯಾಕ್ಟೀರಿಯಾಗಳ ಬಗೆಗಳು ಹೆಚ್ಚು ಅನ್ನುವುದು ಅದರ ಫಲಿತಾಂಶ. ನಿಮ್ಮ ಲೇಖಕರು ಇದನ್ನು ತಮ್ಮ ಪರವಾಗಿ ಎತ್ತಿಕೊಳ್ಳಬಹುದು. ಆದರೆ ಬಗೆಗಳು ಹೆಚ್ಚಿದ್ದರೆ ಕಾವಲು ಬಿಗಿ ಇದೆ ಅಂತ ಅರ್ಥವಲ್ಲ. ಆ ನೂರಾರು ಬಗೆಗಳಲ್ಲಿ ಬಿಡಿಯನ್ನು ತಡೆಯುವವರು ಎಷ್ಟು ಅನ್ನುವುದೇ ಬೇರೆ ಲೆಕ್ಕ. ಫ್ರಾನ್ಸ್, ಸ್ಪೇನ್ ಗಡಿಯ ಪಿರನೀಸ್ ಪರ್ವತಗಳ ಸರೋವರಗಳಲ್ಲಿ ಮಿಡ್‌ವೈಫ್ ಕಪ್ಪೆಗಳನ್ನು ನೋಡಿದವರು, ರೋಗ ಸ್ಫೋಟಿಸಿದ ಸರೋವರಗಳಲ್ಲೂ ರೋಗ ಇದ್ದೂ ಕಪ್ಪೆಗಳು ಉಳಿದುಕೊಂಡ ಸರೋವರಗಳಲ್ಲೂ ಚರ್ಮದ ಬ್ಯಾಕ್ಟೀರಿಯಾ ಗುಂಪು ಬೇರೆ ಬೇರೆ ಇದೆ ಅಂತ 2018ರಲ್ಲಿ ತೋರಿಸಿದರು. ಎರಡೂ ಬಗೆಯವು ಪರ್ವತದ ಸರೋವರಗಳೇ.

ಹಾಗಾದರೆ ಒಳ್ಳೆಯ ಬ್ಯಾಕ್ಟೀರಿಯಾವನ್ನು ಕಪ್ಪೆಗೆ ಹಚ್ಚಿಬಿಡಬಹುದಲ್ಲ ಅಂತ ಕೇಳುವವರಿದ್ದಾರೆ. ಪ್ರಯತ್ನ ಆಗಿದೆ. ಜಾಂಥಿನೋಬ್ಯಾಕ್ಟೀರಿಯಂ ಲಿವಿಡಮ್ ಅನ್ನುವ ಬ್ಯಾಕ್ಟೀರಿಯಾ ವಯೊಲಸಿನ್ ಅನ್ನುವ ನೇರಳೆ ಬಣ್ಣದ ವಸ್ತುವನ್ನು ತಯಾರಿಸುತ್ತದೆ. ಬಿಡಿಗೆ ಅದು ವಿಷ. ಕ್ಯಾಲಿಫೋರ್ನಿಯಾದ ಎತ್ತರದ ಸರೋವರಗಳ ಹಳದಿಗಾಲಿನ ಕಪ್ಪೆಗೆ ಇದನ್ನು ಹಚ್ಚಿದಾಗ ಪ್ರಯೋಗಾಲಯದಲ್ಲಿ ರೋಗದಿಂದ ಉಳಿದವು, 2009ರಲ್ಲಿ. ಅದನ್ನೇ ಪನಾಮದ ಚಿನ್ನದ ಕಪ್ಪೆಗೆ ಹಚ್ಚಿದಾಗ ಮೈಮೇಲೆ ನಿಲ್ಲಲೇ ಇಲ್ಲ, ಕಪ್ಪೆಗಳೂ ಉಳಿಯಲಿಲ್ಲ. ಒಂದು ಬೆಟ್ಟದ ಕಾವಲುಗಾರ ಇನ್ನೊಂದು ಬೆಟ್ಟದಲ್ಲಿ ನಿಲ್ಲುತ್ತಾನೆ ಅಂತ ಭರವಸೆ ಕೊಡಲು ಆಗುವುದಿಲ್ಲ.

ನಮ್ಮ ಮಾದರಿ ತೆಗೆಯುವ ಕೆಲಸ ನೋಡಿದವರಿಗೆ ವಿಚಿತ್ರ ಅನಿಸುತ್ತದೆ. ಪ್ರತಿ ಕಪ್ಪೆಗೂ ಹೊಸ ಕೈಗವಸು. ಹಿಡಿದ ಮೇಲೆ ಶುದ್ಧೀಕರಿಸಿದ ನೀರಿನಲ್ಲಿ ಮೈ ತೊಳೆಯುತ್ತೇವೆ, ಮಣ್ಣಿನ ಜೊತೆ ಬಂದ ದಾರಿಹೋಕ ಬ್ಯಾಕ್ಟೀರಿಯಾ ಹೋಗಲಿ ಅಂತ. ಆಮೇಲೆ ಹತ್ತಿ ಸುತ್ತಿದ ಕಡ್ಡಿಯಿಂದ ಹೊಟ್ಟೆ, ತೊಡೆ, ಬೆರಳುಗಳ ನಡುವಿನ ಜಾಲಪೊರೆ ಸವರುತ್ತೇವೆ. ಕಪ್ಪೆ ಹೊಟ್ಟೆ ಉಬ್ಬಿಸಿ ಕಾಲು ಒದೆಯುತ್ತದೆ, ಕೆಲವು ಕೈಮೇಲೆ ಉಚ್ಚೆ ಹೊಯ್ಯುತ್ತವೆ. ಕಡ್ಡಿ ಮಂಜುಗಡ್ಡೆಯ ಪೆಟ್ಟಿಗೆಗೆ, ಕಪ್ಪೆ ಹಿಡಿದ ಜಾಗಕ್ಕೇ ವಾಪಸ್. ನಾಲ್ಕು ಹೆಜ್ಜೆ ಆಚೆಗೂ ಬಿಡುವುದಿಲ್ಲ. ಇಷ್ಟು ಕಟ್ಟುನಿಟ್ಟು ಯಾಕೆ ಅಂದರೆ, ಒಂದು ಕಪ್ಪೆಯ ರೋಗವನ್ನು ನಮ್ಮ ಕೈಯೇ ಇನ್ನೊಂದಕ್ಕೆ ದಾಟಿಸಬಹುದು.

ಇದೇ ಕಟ್ಟುನಿಟ್ಟು ಬೆಟ್ಟ ಹತ್ತುವ ಎಲ್ಲರಿಗೂ ಬೇಕು. ಒಣಗುತ್ತಿರುವ ಹೊಂಡದಿಂದ ಗೊದಮೊಟ್ಟೆಗಳನ್ನು ಎತ್ತಿಕೊಂಡು ಹೋಗಿ ಮೇಲಿನ ತಂಪು ತೊರೆಗೆ ಬಿಟ್ಟವರನ್ನು ನಾನು ಕಂಡಿದ್ದೇನೆ. ಪ್ರೀತಿಯಿಂದಲೇ ಮಾಡಿದ್ದು. ಆದರೆ ಗೊದಮೊಟ್ಟೆಯ ಬಾಯಿಯ ಅಂಚಿನಲ್ಲೂ ಬಿಡಿ ಕೂತಿರುತ್ತದೆ, ಗೊದಮೊಟ್ಟೆ ಸಾಯದೆಯೇ ಅದನ್ನು ಹೊತ್ತು ಓಡಾಡುತ್ತದೆ. ಕೆಳಗಿನ ಬಿಸಿಲಲ್ಲಿ ಸೊರಗಿದ್ದ ಶಿಲೀಂಧ್ರಕ್ಕೆ ಮೇಲೆ ಜೀವ ಬರುತ್ತದೆ. ದಯವಿಟ್ಟು ಹಾಗೆ ಸಾಗಿಸಬೇಡಿ. ಫೋಟೋಗೆ ಅಂತ ಬರಿಗೈಯಲ್ಲಿ ಹಿಡಿದು ಎಲೆಯಿಂದ ಎಲೆಗೆ ಕೂರಿಸಬೇಡಿ. ಒಂದು ತೊರೆಯಿಂದ ಇನ್ನೊಂದಕ್ಕೆ ಹೋಗುವ ಮುಂಚೆ ಬೂಟಿನ ಕೆಸರು ಕೆರೆದು ತೆಗೆಯಿರಿ. ಮನೆಗೆ ಬಂದ ಮೇಲೆ ಕೆರೆ, ತೊರೆಗಳಿಂದ ದೂರದಲ್ಲಿ ಬ್ಲೀಚಿಂಗ್ ಪುಡಿ ಕದಡಿದ ನೀರಲ್ಲಿ ತೊಳೆದು ಗರಿಗರಿ ಒಣಗಿಸಿ. ಬಿಡಿ ಪೂರ್ತಿ ಒಣಗಿದರೆ ಉಳಿಯುವುದಿಲ್ಲ.

ಸಂಪಾದಕರೇ, ನಿಮ್ಮಲ್ಲೂ ಒಂದು ಕೋರಿಕೆ. ಬೆಟ್ಟದ ಕಪ್ಪೆಗಳ ಬಗ್ಗೆ ಮುಂದೆ ಬರೆಸುವಾಗ ಎಷ್ಟು ಕಪ್ಪೆ ಕಂಡವು ಅನ್ನುವುದರ ಜೊತೆಗೆ, ಯಾವ ಎತ್ತರದಲ್ಲಿ, ಯಾವ ತಿಂಗಳಲ್ಲಿ, ನೀರಿನ ತಾಪ ಎಷ್ಟಿತ್ತು, ಚರ್ಮದ ಮಾದರಿ ತೆಗೆದರಾ ಅಂತಲೂ ಬರಹಗಾರರಿಂದ ಕೇಳಿಸಿ. ಆ ವಿವರಗಳು ನಮ್ಮಂಥವರ ಕೆಲಸಕ್ಕೂ ಬರುತ್ತವೆ.

ಇಂತಿ,
ನಿಮ್ಮ ಓದುಗಳೊಬ್ಬಳು