ಪೌಡರ್ ಡಬ್ಬಿಲಿ ಇದ್ದ 23 ಮಾತ್ರೆ

ನಿನ್ನೆಗೆ ಸರಿಯಾಗಿ ಒಂದು ವರ್ಷ, ಒಂದು ದಿನಾನೂ ಮಾತ್ರೆ ತಪ್ಪಿಸಿಲ್ಲ ನಾನು. ಇದಕ್ಕೆ ಜೊತೆಯಾದೋರಿಗೆ, ಎಲ್ಲರಿಗಿಂತ ಮೊದಲು ಅತ್ತಿಗೆಗೆ, ಥ್ಯಾಂಕ್ಸ್ ಹೇಳೋಕೆ ಇದನ್ನ ಬರೀತಿದೀನಿ. ತೂಕ ಎಷ್ಟಾಯ್ತು ಅಂತ ಕೇಳೋರು ಹೇಗೂ ಕೇಳ್ತೀರ, ಅದನ್ನೂ ಹೇಳ್ಬಿಡ್ತೀನಿ. 56 ಇದ್ದೋಳು ಒಂಬತ್ತು ತಿಂಗಳಲ್ಲಿ 79 ಆಗಿದ್ದೆ, ಈಗ 70. ಇಲ್ಲದ ದನಿಗಳು ಕೇಳಿಸೋ ಕಾಯಿಲೆ ನಂದು, ಅದರ ಆಸ್ಪತ್ರೆ ಕಥೆ ನಿಮ್ಮಲ್ಲಿ ತುಂಬಾ ಜನಕ್ಕೆ ಗೊತ್ತಿರೋದೇ, ಮತ್ತೆ ಅದನ್ನ ಬಿಚ್ಚಲ್ಲ.

ಆ ಕಾಯಿಲೆಗೆ ನನಗೆ ಮೊದಲು ಕೊಟ್ಟಿದ್ದ ಮಾತ್ರೆ ಓಲಾಂಜಪಿನ್, ಅದರ ಹಸಿವು ಹೇಗಿರುತ್ತೆ ಅಂದ್ರೆ, ರಾತ್ರಿ ಹೊಟ್ಟೆ ತುಂಬಾ ಊಟ ಮಾಡಿ ಮಲಗಿರ್ತೀನಿ, ಒಂದು ಗಂಟೆಗೆ ಎದ್ದು ಕತ್ತಲಲ್ಲೇ ಪಾತ್ರೆಗೆ ಕೈ ಹಾಕಿ ತಂಗಳನ್ನ ತಿಂತಿರ್ತೀನಿ, ಸಾರೂ ಬೇಡ, ಉಪ್ಪೂ ಬೇಡ, ತಿಂದು ಮುಗಿದ ಮೇಲೆ ಅಳು ಬರ್ತಿತ್ತು. ಮೊದಲು ನೋಡ್ತಿದ್ದ ಡಾಕ್ಟರು "ವಾಕಿಂಗ್ ಮಾಡಿ, ಬಾಯಿ ಕಟ್ಟಿ" ಅಂದ್ರು ಅಷ್ಟೇ. ಮದುವೆ ಮನೇಲಿ ನೆಂಟರು "ಏನಮ್ಮ, ತವರಿನ ಊಟ ಚೆನ್ನಾಗಿ ಹಿಡಿಸಿದೆ" ಅಂತ ನಗ್ತಿದ್ರು. ಅವರಿಗೆ ಥ್ಯಾಂಕ್ಸ್ ಇಲ್ಲ.

ಅದಕ್ಕೇ ಯಾರಿಗೂ ಹೇಳ್ದೆ ಮಾತ್ರೆ ಬಿಟ್ಟೆ. ಬಾಯಿಗೆ ಹಾಕ್ಕೊಂಡ ಹಾಗೆ ಮಾಡಿ ಖಾಲಿ ಪೌಡರ್ ಡಬ್ಬಿಗೆ ಹಾಕ್ತಿದ್ದೆ. ಮೂರು ಕೆಜಿ ಇಳೀತು, ಒಳಗೊಳಗೇ ಖುಷಿ ಬೇರೆ. ಆಮೇಲೆ ನಿದ್ದೆ ಹೋಯ್ತು. ಆಮೇಲೆ ಬಾತ್‌ರೂಮ್ ಪೈಪಲ್ಲಿ ಮಹಡಿಯವರು ನನ್ನ ಬಗ್ಗೆ ಮಾತಾಡೋದು ಕೇಳ್ಸೋಕೆ ಶುರು ಆಯ್ತು.

ಅದು ಜೋರಾದ ರಾತ್ರಿ ಅಣ್ಣ ಡ್ಯೂಟಿ ಮೇಲೆ ಹುಬ್ಬಳ್ಳಿಗೆ ಹೋಗಿದ್ದ. ಮನೇಲಿ ಇದ್ದಿದ್ದು ಅತ್ತಿಗೆ, ಮಲಗಿದ್ದ ಮಗು, ನಾನು. ಹನ್ನೊಂದು ಗಂಟೆಗೆ ನಾನು ಬಾತ್‌ರೂಮ್ ಸೇರಿ ಬಾಗಿಲು ಹಾಕ್ಕೊಂಡೆ, ಅತ್ತಿಗೆ ಹೊರಗೆ ಹೊಸ್ತಿಲ ಹತ್ರ ಕೂತ್ರು. ಬಾಗಿಲು ಬಡೀಲಿಲ್ಲ, ಕಿರುಚಲಿಲ್ಲ. "ನಂಗೆ ಏನೂ ಕೇಳಿಸ್ತಿಲ್ಲ ಕಣೆ, ಆದ್ರೆ ನೀನು ಹೆದ್ರಿರೋದು ಗೊತ್ತಾಗ್ತಿದೆ, ನಾನು ಇಲ್ಲೇ ಇದೀನಿ" ಅಂದ್ರು. ಅದನ್ನೇ ಎಷ್ಟು ಸಲ ಹೇಳಿದ್ರೋ. ಎರಡು ಗಂಟೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಪಿಸುಗುಟ್ಟಿದ್ರೆ ಇವಳಿಗೆ ಇನ್ನೂ ಅನುಮಾನ ಬರುತ್ತೆ ಅಂತ ನನಗೂ ಕೇಳೋ ಹಾಗೆ ಜೋರಾಗಿ ಮಾತಾಡಿದ್ರು, ಅಷ್ಟು ಬುದ್ಧಿ ಆ ಹೊತ್ತಲ್ಲಿ ಎಲ್ಲಿಂದ ಬಂತೋ. ಐದೂವರೆಗೆ ಹಾಲಿನವನು ಬೆಲ್ ಮಾಡಿದಾಗ ನಾನೇ ಚಿಲಕ ತೆಗೆದೆ. ಅತ್ತಿಗೆ ನೈಟಿ ಮೇಲೆ ಸೆರಗಿನ ಹಾಗೆ ಟವಲ್ ಹೊದ್ಕೊಂಡು, ಗೋಡೆಗೆ ಒರಗಿ, ಕಣ್ಣು ಬಿಟ್ಕೊಂಡೇ ಕೂತಿದ್ರು.

ಪೌಡರ್ ಡಬ್ಬಿ ನಾನೇ ತಂದು ಕೊಟ್ಟೆ. ಅವರು ಮಾತ್ರೆಗಳನ್ನ ನೆಲದ ಮೇಲೆ ಸುರಿದು ಒಂದೊಂದಾಗಿ ಎಣಿಸಿದ್ರು. 23. ನಾನು ಬೈಗುಳ ಕಾಯ್ತಿದ್ದೆ. "ಇಷ್ಟು ದಿನ ಒಬ್ಳೇ ಇದನ್ನ ಇಟ್ಕೊಂಡಿದ್ಯಾ?" ಅಂದ್ರು ಅಷ್ಟೇ. ಇದನ್ನ ಟೈಪ್ ಮಾಡ್ತಾ ಈಗ್ಲೂ ಗಂಟಲು ಕಟ್ಟುತ್ತೆ. ಅತ್ತಿಗೆ, ಆ ಹೊಸ್ತಿಲ ಹತ್ರ ನೀವು ಇರ್ಲಿಲ್ಲ ಅಂದಿದ್ರೆ... ಬೇಡ ಬಿಡಿ, ಇದನ್ನ ಇಲ್ಲಿ ಬರೆಯೋಕೆ ಆಗಲ್ಲ.

ಹೊಸ ಡಾಕ್ಟರಮ್ಮನ ಹತ್ರ ಕರ್ಕೊಂಡು ಹೋಗಿದ್ದೂ ಅವರೇ. ಡಾಕ್ಟರಮ್ಮ ಚೀಟಿ ಹಿಂದೆ ಮೆದುಳಿನ ಚಿತ್ರ ಬರೆದು, ಈ ಮಾತ್ರೆ ಮೆದುಳಲ್ಲಿ ಹಿಸ್ಟಮಿನ್, ಸೆರೊಟೋನಿನ್ ಅನ್ನೋ ರಾಸಾಯನಿಕಗಳು ಕೆಲಸ ಮಾಡೋ ಜಾಗಗಳನ್ನೂ ತಡೆಯುತ್ತೆ, ಅದಕ್ಕೇ ಹೊಟ್ಟೆ ತುಂಬಿದ್ರೂ ಸಾಕು ಅನ್ಸಲ್ಲ, ಇದು ನಿನ್ನ ನಾಲಿಗೆ ಚಪಲ ಅಲ್ಲ ಅಂದ್ರು. ಆ ಒಂದು ಮಾತಿಗೆ ನಾನು ಅಲ್ಲೇ ಅತ್ತೆ. ನಿಲ್ಲಿಸೋದು ಬೇಡ, ಬದಲಾಯಿಸೋಣ ಅಂತ, ಹಳೇದನ್ನ ನಿಧಾನಕ್ಕೆ ಇಳಿಸ್ತಾ ಆರಿಪಿಪ್ರಜೋಲ್ ಅನ್ನೋ ಬೇರೆ ಮಾತ್ರೆ ಶುರು ಮಾಡಿದ್ರು. ಮೊದಲು ಕೆಲವು ವಾರ ಕಾಲು ಒಂದು ಕಡೆ ನಿಲ್ತಿರ್ಲಿಲ್ಲ, ಅದಕ್ಕೂ ಔಷಧಿ ಕೊಟ್ರು. ಖಾಲಿ ಹೊಟ್ಟೆ ಶುಗರ್ 112, ಸ್ವಲ್ಪ ಜಾಸ್ತಿನೇ ಇತ್ತು, ಊಟ ಆದ್ಮೇಲೆ ತಗೊಳ್ಳೋಕೆ ಮೆಟ್‌ಫಾರ್ಮಿನ್ ಅನ್ನೋ ಶುಗರ್ ಮಾತ್ರೆ ಬಂತು (ಮೊದಲ ಎರಡು ವಾರ ಟಾಯ್ಲೆಟ್ಟೇ ನನ್ನ ಮನೆ). ತೂಕ ನೋಡೋದಷ್ಟೇ ಅಲ್ಲ, ಸೊಂಟಕ್ಕೂ ಟೇಪ್ ಹಿಡಿತಾರೆ, ನಮ್ಮ ಕಡೆ ಹೆಂಗಸರಿಗೆ 80 ಸೆಂಟಿಮೀಟರ್ ದಾಟಬಾರ್ದಂತೆ, ನಾನು ಇನ್ನೂ 88.

ಅಡುಗೆಮನೆಗೆ ಬೀಗ ಹಾಕು ಅಂತ ಅತ್ತಿಗೆಗೆ ಸಲಹೆ ಕೊಟ್ಟೋರು ಇದ್ರು. ಅವರು ಹಾಕ್ಲಿಲ್ಲ. ಮಿಕ್ಸ್ಚರ್, ರಸ್ಕು ತರೋದು ನಿಲ್ಲಿಸಿ, ನನಗೆ ಅಂತ ಒಂದು ಸ್ಟೀಲ್ ಡಬ್ಬಿ ಇಟ್ರು, ಅದ್ರಲ್ಲಿ ಹುರಿಗಡಲೆ, ಪಕ್ಕದಲ್ಲಿ ಸೌತೆಕಾಯಿ, ಇಂಗು ಹಾಕಿದ ನೀರು ಮಜ್ಜಿಗೆ. ಒಂದು ಗಂಟೆಗೆ ನಾನು ಎದ್ರೆ ಅವರಿಗೂ ಎಚ್ಚರ ಆಗ್ತಿತ್ತು, ಲೈಟ್ ಹಾಕ್ಕೊಂಡು, ತಟ್ಟೇಲಿ ಹಾಕ್ಕೊಂಡು, ಕೂತ್ಕೊಂಡು ತಿನ್ನು ಅನ್ನೋರು. ಕತ್ತಲಲ್ಲಿ ತಿನ್ನೋದು ನಿಂತಿದ್ದು ಹಾಗೆ. ಮುದ್ದೆ ಸಣ್ಣದಾಯ್ತು, ಸೊಪ್ಪಿನ ಪಲ್ಯ ಜಾಸ್ತಿ ಆಯ್ತು, ಮನೆಯವರೆಲ್ಲ ಗೊಣಗ್ತಾ ಅದನ್ನೇ ತಿಂದ್ರು.

ಅಣ್ಣ, ಅಮ್ಮ, ಬೆಳಿಗ್ಗೆ ಮೈಸೂರಿನ ಕುಕ್ಕರಹಳ್ಳಿ ಕೆರೆ ಸುತ್ತೋಕೆ ಜೊತೆ ಬಂದು ಹೆಜ್ಜಾರ್ಲೆ ಹಕ್ಕಿ ತೋರಿಸೋ ನೆಪದಲ್ಲಿ ನನಗೆ ಉಸಿರು ತಗೊಳ್ಳೋಕೆ ಬಿಡ್ತಿದ್ದ ಗೆಳತಿ, ಆಫೀಸಲ್ಲಿ ಏನೂ ಕೇಳ್ದೆ ರಜೆ ಕೊಟ್ಟ ಮೇಡಮ್ಮು, ಎಲ್ಲರಿಗೂ ನಮಸ್ಕಾರ.

ಹಾಂ, ಟೈಲರ್ ಅಂಕಲ್‌ಗೂ. ಎರಡು ಸಲ ನನ್ನ ಬ್ಲೌಸ್‌ಗಳ ಹೊಲಿಗೆ ಬಿಚ್ಚಿ ಅಗಲ ಮಾಡಿ ಕೊಟ್ರು, ಒಂದು ಮಾತೂ ಆಡ್ಲಿಲ್ಲ. ಹೋದ ವಾರ ಅದೇ ಬ್ಲೌಸ್ ತಗೊಂಡು ಹೋದಾಗ "ಹಿಡಿಬೇಕಾ ಅಮ್ಮ?" ಅಂತ ಕೇಳಿದ್ರು. ಬೇಡ, ಹಾಗೇ ಇರ್ಲಿ ಅಂದೆ ನಾನು. ಪಕ್ಕದಲ್ಲಿದ್ದ ಅತ್ತಿಗೆ "ಅರ್ಧ ಇಂಚು ಹಿಡೀರಿ, ಒಳಗಡೆ ಬಟ್ಟೆ ಮಾತ್ರ ಕತ್ತರಿಸ್ಬೇಡಿ" ಅಂದ್ರು.